ರಕ್ತದಲ್ಲಿ ಬಂದದ್ದೆಷ್ಟು, ಬಾಯಿಗೆ ಹಾಕಿಕೊಂಡದ್ದೆಷ್ಟು?

ಊರಿನಿಂದ ಟಾಟಾ ಆಸ್ಪತ್ರೆಗೆಂದು ಬಂದ ನೆಂಟರಿಗೆ ಚಾಪೆ ಹಾಸದ ಕನ್ನಡಿಗರ ಮನೆ ಮುಂಬಯಿಯಲ್ಲಿ ಅಪರೂಪ. 1941ರಲ್ಲಿ ಪರೇಲ್‌ನಲ್ಲಿ ಆರಂಭವಾದ ಆ ಆಸ್ಪತ್ರೆಯ ದಾರಿ ನಮ್ಮ ತರುಣರಿಗೆ ಬಾಲ್ಯದಿಂದಲೇ ಗೊತ್ತು. ದೊಡ್ಡಪ್ಪನ ಫೈಲು ಹಿಡಿದು ಸಾಲಿನಲ್ಲಿ ನಿಂತಾಗ ಅವರ ಮನಸ್ಸಿನಲ್ಲಿ ಸುಳಿಯುವ ಪ್ರಶ್ನೆಯೂ ಒಂದೇ: "ಇದು ನನಗೂ ಬರುತ್ತದೆಯೇ?"

ಜೀವಕೋಶದ ವಂಶವಾಹಿಗಳು ಒಂದೊಂದಾಗಿ ಕೆಟ್ಟು, ಕೋಶವು ಅಂಕೆ ಮೀರಿ ಬೆಳೆಯುವುದೇ ಕ್ಯಾನ್ಸರ್. ಈ ಕೆಡುಕು ಹುಟ್ಟಿನಿಂದಲೇ ಬರುವುದು ನೂರರಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ. ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್‌ಗೆ ಸಂಬಂಧಿಸಿದ ಬಿಆರ್‌ಸಿಎ ವಂಶವಾಹಿಗಳು 1994-95ರಲ್ಲಿ ಪತ್ತೆಯಾದವು. ಅವುಗಳ ದೋಷ ತಾಯಿಯಿಂದ ಬರುವಂತೆ ತಂದೆಯಿಂದಲೂ ಬರಬಹುದು. ಆದರೆ ನಮ್ಮ ಮನೆಗಳಲ್ಲಿ ಆ ರೋಗದ ಹೆಸರನ್ನೇ ಹೇಳುವುದಿಲ್ಲ. "ಅತ್ತೆಗೆ ಏನೋ ಗಡ್ಡೆಯಾಗಿತ್ತು" ಎಂದು ಮುಗಿಸಿಬಿಡುತ್ತಾರೆ. ಯಾರಿಗೆ, ಯಾವ ಅಂಗದಲ್ಲಿ, ಯಾವ ವಯಸ್ಸಿನಲ್ಲಿ ಎಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ವೈದ್ಯರು ಕೇಳುವುದು ಅದನ್ನೇ.

ಉಳಿದವರ ಮಾತೇನು? ಜಪಾನಿನಿಂದ ಹವಾಯಿಗೆ ವಲಸೆ ಹೋದವರ ಮಕ್ಕಳಲ್ಲಿ ಹೊಟ್ಟೆಯ ಕ್ಯಾನ್ಸರ್ ಇಳಿದು, ಸ್ತನ ಮತ್ತು ದೊಡ್ಡ ಕರುಳಿನ ಕ್ಯಾನ್ಸರ್ ಏರಿತು. ರಕ್ತ ಅದೇ, ಬದಲಾದದ್ದು ನೆಲ ಮತ್ತು ಊಟ. ವಲಸಿಗರ ಮಕ್ಕಳಾದ ನಮಗೂ ಇದು ಯೋಚಿಸುವ ವಿಷಯ. ಮುಂಬಯಿಯ ಹೆಂಗಸರಲ್ಲಿ ಒಂದು ಕಾಲಕ್ಕೆ ಮುಂದಿದ್ದ ಗರ್ಭಕೊರಳಿನ ಕ್ಯಾನ್ಸರನ್ನು ಸ್ತನ ಕ್ಯಾನ್ಸರ್ ಹಿಂದೆ ಹಾಕಿದೆ. ತಡವಾದ ಹೆರಿಗೆ, ಕಡಿಮೆ ಮೊಲೆಯೂಡಿಕೆ, ಹೆಚ್ಚಿದ ತೂಕ ಇದಕ್ಕೆ ಕಾರಣಗಳಲ್ಲಿ ಕೆಲವು. ಹಾಗೆಂದು ಬೇಗ ಮದುವೆಯಾಗಿ ಎಂದು ನಾನು ಹೇಳುತ್ತಿಲ್ಲ, ಅದಕ್ಕೆ ಮನೆಯಲ್ಲಿ ಅಜ್ಜಿಯಿದ್ದಾರೆ!

ನಗರದ ಗಾಳಿಯೂ ನಿರಪರಾಧಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2013ರಲ್ಲಿ ವಾಯುಮಾಲಿನ್ಯವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಅದನ್ನು ನೀವೊಬ್ಬರೇ ತಡೆಯಲಾರಿರಿ.

ತಡೆಯಬಹುದಾದದ್ದು ನಮ್ಮ ಅಂಗೈಯಲ್ಲೇ ಇದೆ. ತಂಬಾಕಿನ ವಿಷಯ ಎಲ್ಲರಿಗೂ ತಿಳಿದದ್ದು. ಮಹಾರಾಷ್ಟ್ರ 2012ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಆದರೆ ಅದೇ ಸಂಶೋಧನಾ ಸಂಸ್ಥೆ ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು 2004ರಲ್ಲಿ ಪ್ರಕಟಿಸಿದ್ದನ್ನು ನಮ್ಮವರು ಕೇಳಿಯೂ ಕೇಳದಂತಿರುತ್ತಾರೆ. ಕಷ್ಟವೇ ಸರಿ. ದಕ್ಷಿಣ ಕನ್ನಡ, ಶಿವಮೊಗ್ಗ, ಶಿರಸಿ ಕಡೆಯ ಎಷ್ಟೋ ಮಕ್ಕಳ ಶಾಲೆಯ ಫೀಸು ಅಡಿಕೆಯಿಂದಲೇ ಬಂದದ್ದು. ತಾಂಬೂಲವಿಲ್ಲದೆ ನಮ್ಮಲ್ಲಿ ಮದುವೆಯೂ ಇಲ್ಲ. ತಟ್ಟೆಯಲ್ಲಿಟ್ಟು ಗೌರವಿಸುವುದಕ್ಕೆ ಅಡ್ಡಿಯಿಲ್ಲ, ದಿನವಿಡೀ ಕೆನ್ನೆಯಲ್ಲಿಟ್ಟುಕೊಳ್ಳುವುದು ಬೇಡ. ಕಾಲೇಜಿಗೆ ಹೋಗುವ ಲೋಕಲ್ ರೈಲಿನಲ್ಲಿ ಪಾನ್ ಮಸಾಲೆಯ ಪೊಟ್ಟಣ ಹರಿಯುವ ಹುಡುಗನಿಗೂ ಇದೇ ಮಾತು.

ಅಡಿಕೆ ಜಗಿಯುವವರ ಕೆನ್ನೆಯ ಒಳಪದರ ಕ್ರಮೇಣ ಬಿಗಿಯುತ್ತದೆ, ಖಾರ ತಗಲಿದರೆ ಉರಿಯುತ್ತದೆ. ನಿಮ್ಮವೇ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಬಾಯಿಯೊಳಗಿಟ್ಟು ನೋಡಿ. ಹಿಡಿಸದಿದ್ದರೆ, ಇಲ್ಲವೇ ಮೂರು ವಾರ ಕಳೆದರೂ ಬಾಯಿಹುಣ್ಣು ಮಾಯದಿದ್ದರೆ, ಈ ವಾರವೇ ದಂತವೈದ್ಯರಿಗೆ ತೋರಿಸಿ. ಅಪ್ಪನಿಗೂ ಹೇಳಿ.