ಹೊತ್ತು ನೋಡಿ ಪದ ಕಲಿಯಿರಿ

ಒಂದು ಸಂಜೆ ಧಾರವಾಡದ ಸಾಧನಕೇರಿ ಕಡೆಯ ನೆಂಟರ ಮನೆಗೆ ಹೋಗಿದ್ದೆ. ಏಳನೆಯ ತರಗತಿಯ ಹುಡುಗನೊಬ್ಬ ಪಡಸಾಲೆಯಲ್ಲಿ ಲೈಟು ಹಾಕಿಕೊಂಡು ಇಂಗ್ಲಿಷ್ ಪದಗಳನ್ನು ಉರು ಹೊಡೆಯುತ್ತಿದ್ದ. “ಡಾನ್ ಅಂದ್ರ ಮುಸ್ಸಂಜಿ, ಡಸ್ಕ್ ಅಂದ್ರ ನಸುಕು.” ಒಳಗಿನಿಂದ ತಾಯಿ ತಿದ್ದಿದರು. ಐದು ನಿಮಿಷವಾದ ಮೇಲೆ ಮತ್ತೆ ಅದೇ ತಪ್ಪು. ತಾಯಿಗೆ ಸಿಟ್ಟು, ಹುಡುಗನಿಗೆ ಅಳು.

ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಕರೆದರು: “ಎಪ್ಪಾ, ಪುಸ್ತಕ ಬಿಟ್ಟು ಒಂದೀಟು ಹೊರಗ ಬಾ. ಹೊತ್ತು ಮುಳಗಾಕತ್ತೈತಲ್ಲ, ಇದಕ್ಕ ನಿನ್ನ ಇಂಗ್ಲಿಷಿನ್ಯಾಗ ಏನಂತಾರ?” ಹುಡುಗ ಹೊರಗೆ ಬಂದ. ಕಾಗೆಗಳು ಗೂಡಿಗೆ ಮರಳುತ್ತಿದ್ದವು, ಬಾವಲಿಗಳು ಹೊರಟಿದ್ದವು. ಬೀದಿಯ ಬಣ್ಣವೆಲ್ಲ ಮಬ್ಬಾಗಿತ್ತು. ಒಮ್ಮೆ ಆಕಾಶ ನೋಡಿ, ಒಮ್ಮೆ ಪುಸ್ತಕ ನೋಡಿ ಹೇಳಿದ: “ಡಸ್ಕ್, ಆಯೀ.” ಆಮೇಲೆ ಅವನು ಆ ಪದವನ್ನು ತಪ್ಪಲಿಲ್ಲ.

ಇಂಗ್ಲಿಷಿನ ಒಂದಕ್ಷರವನ್ನೂ ಓದದ ಅಜ್ಜಿ ಅಂದು ಮಾಡಿದ್ದು ಒಳ್ಳೆಯ ಇಂಗ್ಲಿಷ್ ಪಾಠ. ನಮ್ಮ ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳಲ್ಲಿ ಮಕ್ಕಳು ಪಟ್ಟಿ ಬರೆದುಕೊಂಡು ಪದಗಳನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮರುದಿನ ಮರೆಯುತ್ತಾರೆ. ಪದದ ಜೊತೆಗೆ ವಸ್ತು ಕಣ್ಣಿಗೆ ಬೀಳದಿದ್ದರೆ ಪದ ನಿಲ್ಲುವುದಾದರೂ ಎಲ್ಲಿ?

ನಮ್ಮಲ್ಲಿ ಪದಗಳಿಗೆ ಬರವಿಲ್ಲ

ಹಗಲು-ರಾತ್ರಿಯನ್ನು ಅಳೆಯಲು ಕನ್ನಡದಲ್ಲಿ ಎಷ್ಟು ಮಾತುಗಳಿವೆ ನೋಡಿ: ಕೋಳಿ ಕೂಗುವ ಹೊತ್ತು, ನಸುಕು, ಮುಂಜಾನೆ, ಏರು ಬಿಸಿಲು, ಮಟಮಟ ಮಧ್ಯಾಹ್ನ, ಇಳಿಹೊತ್ತು, ಗೋಧೂಳಿ, ಮುಸ್ಸಂಜೆ, ಸರಿರಾತ್ರಿ. ನಾವು ‘ಹೊತ್ತು’ ಎಂದರೆ ಕಾಲವೂ ಹೌದು, ಸೂರ್ಯನೂ ಹೌದು. ಇಷ್ಟು ಸಿರಿ ಇರುವ ಮಗುವಿಗೆ ಇಂಗ್ಲಿಷ್ ಪದಗಳನ್ನು ಕಲಿಯಲು ಬುನಾದಿ ಸಿದ್ಧವಾಗಿಯೇ ಇದೆ. ಅದರ ಮೇಲೆ ಗೋಡೆ ಕಟ್ಟಿದರಾಯಿತು.

ನಸುಕಿಗೆ ‘ಡಾನ್’. ಇದು ‘ಡೇ’ ಎಂಬ ಪದದ ಬೇರಿನಿಂದಲೇ ಬಂದದ್ದು. ಹಗಲಾಗುವುದು ಎಂದೇ ಅದರ ಮೂಲಾರ್ಥ. ‘ಡೇ’ ಜೊತೆ ‘ಡಾನ್’ ಎಂದು ನೆನಪಿಟ್ಟರೆ ಡಸ್ಕ್‌ನೊಡನೆ ಗೊಂದಲವಾಗದು. ಒಂದು ವಿಚಾರ ತಟ್ಟನೆ ತಿಳಿದಾಗ ನಾವು ‘ಹೊಳೆಯಿತು’ ಎನ್ನುತ್ತೇವೆ. ಇಂಗ್ಲಿಷಿನವರು ‘ಇಟ್ ಡಾನ್ಡ್ ಆನ್ ಮಿ’ ಎನ್ನುತ್ತಾರೆ. ಎರಡೂ ಕಡೆ ಬೆಳಕಿನದೇ ಮಾತು! ಮುಸ್ಸಂಜೆಯ ಬೆಳಕಿಗೆ ‘ಟ್ವೈಲೈಟ್’. ಆ ‘ಟ್ವೈ’ನಲ್ಲಿ ಎರಡು ಎಂಬ ಅರ್ಥ ಅಡಗಿದೆ. ನಮ್ಮ ‘ಸಂಧ್ಯಾ’ದಲ್ಲಿಯೂ ಎರಡು ಹೊತ್ತುಗಳು ಕೂಡುವ ಅರ್ಥವೇ ಇದೆ.

ಕೆಲವು ಕಡೆ ಹಾದಿ ಬೇರೆಯಾಗುತ್ತದೆ, ತಪ್ಪಾಗುವುದೂ ಅಲ್ಲಿಯೇ. ‘ಇವತ್ತು ಮುಂಜಾನೆ’ ಎಂಬುದನ್ನು ಮಕ್ಕಳು ‘ಟುಡೇ ಮಾರ್ನಿಂಗ್’ ಎಂದು ಬರೆಯುತ್ತಾರೆ. ‘ದಿಸ್ ಮಾರ್ನಿಂಗ್’ ಎನ್ನಬೇಕು. ಕನ್ನಡಕ್ಕೆ ಒಂದೇ ‘ನೆರಳು’ ಸಾಕು. ಇಂಗ್ಲಿಷಿಗೆ ಎರಡು ಬೇಕು. ಮರದಡಿ ಕೂತು ದಣಿವಾರಿಸಿಕೊಳ್ಳುವ ನೆರಳು ‘ಶೇಡ್’, ನೆಲದ ಮೇಲೆ ಬೀಳುವ ಮರದ ಆಕಾರ ‘ಶ್ಯಾಡೋ’. ನಾವು ಹದಿನೈದು ದಿನ ಎನ್ನುವುದನ್ನು ಅವರು ‘ಫೋರ್ಟ್‌ನೈಟ್’ ಎನ್ನುತ್ತಾರೆ, ಅಂದರೆ ಹದಿನಾಲ್ಕು ರಾತ್ರಿ. ನಾವು ಹಗಲು ಎಣಿಸಿದೆವು, ಅವರು ರಾತ್ರಿ ಎಣಿಸಿದರು!

ಅವರ ಆಕಾಶ ಬೇರೆ, ನಮ್ಮದು ಬೇರೆ

ಇಂಗ್ಲಿಷ್ ಪಠ್ಯದಲ್ಲಿ ಬೇಸಿಗೆಯ ‘ಲಾಂಗ್ ಈವ್ನಿಂಗ್’ ಎಂದು ಬಂದರೆ ನಮ್ಮ ಮಕ್ಕಳಿಗೆ ಏನೂ ಅನಿಸುವುದಿಲ್ಲ. ಅದು ಅವರ ತಪ್ಪಲ್ಲ. ಧಾರವಾಡದಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲು ಸುಮಾರು 13 ಗಂಟೆ, ಡಿಸೆಂಬರಿನ ಅತಿ ಗಿಡ್ಡ ಹಗಲು ಹನ್ನೊಂದೂಕಾಲು ಗಂಟೆಯ ಆಸುಪಾಸು. ಲಂಡನ್ನಿನಲ್ಲಿ ಇದೇ ಲೆಕ್ಕ ಹದಿನಾರೂವರೆ ಗಂಟೆಯಿಂದ 8 ಗಂಟೆಗೆ ಇಳಿಯುತ್ತದೆ. ಚಳಿಗಾಲದಲ್ಲಿ ಅರ್ಧ ಹಗಲನ್ನೇ ಕಳೆದುಕೊಳ್ಳುವ ಜನಕ್ಕೆ ‘ಸನ್ನಿ ಡೇ’ ಹಬ್ಬ. ಏಪ್ರಿಲಿನ ಹುಬ್ಬಳ್ಳಿಯಲ್ಲಿ ನಡೆದು ಬಂದವರಿಗೆ ಅದು ಹಬ್ಬವೇ? ಮೋಡ ಕವಿದರೆ ನಮಗೆ ಸಂತೋಷ, ಅವರಿಗೆ ಬೇಸರ. ಪದದ ಅರ್ಥದ ಜೊತೆ ಅದರ ಹಿಂದಿನ ಹವೆಯನ್ನೂ ಹೇಳಿಕೊಟ್ಟರೆ ಪಾಠ ಸಲೀಸಾಗುತ್ತದೆ.

ಇನ್ನು ‘ನೂನ್’. ಲ್ಯಾಟಿನ್ ಭಾಷೆಯಲ್ಲಿ ಒಂಬತ್ತನೆಯ ತಾಸು ಎಂಬ ಅರ್ಥದ ಮಾತಿನಿಂದ ಬಂದ ಈ ಪದ ಮೊದಲು ಮಧ್ಯಾಹ್ನ ಮೂರರ ಹೊತ್ತನ್ನು ಸೂಚಿಸುತ್ತಿತ್ತು. ಕಾಲಕ್ರಮದಲ್ಲಿ ಹನ್ನೆರಡಕ್ಕೆ ಸರಿಯಿತು. ನಮ್ಮ ಊರಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು ಹನ್ನೆರಡೂವರೆಗೆ. ಭಾರತದ ಸಮಯವನ್ನು ಗೊತ್ತುಮಾಡುವುದು ಎಂಬತ್ತೆರಡೂವರೆ ಡಿಗ್ರಿ ರೇಖಾಂಶ. ಹುಬ್ಬಳ್ಳಿ-ಧಾರವಾಡ ಇರುವುದು 75 ಡಿಗ್ರಿಯ ಹತ್ತಿರ. ಒಂದು ಡಿಗ್ರಿಗೆ 4 ನಿಮಿಷದಂತೆ ಏಳೂವರೆ ಡಿಗ್ರಿಗೆ 30 ನಿಮಿಷ. ಅಂಗಳದಲ್ಲಿ ಒಂದು ಕೋಲು ನೆಟ್ಟು, ಶ್ಯಾಡೋ ಅತಿ ಗಿಡ್ಡವಾಗುವ ವೇಳೆ ಬರೆದಿಡಿ. ಮೇ ತಿಂಗಳ ಮೊದಲ ವಾರದಲ್ಲಿ ಆ ನೆರಳು ಕೋಲಿನ ಬುಡದಲ್ಲೇ ಅಡಗಿಬಿಡುತ್ತದೆ. ಭೂಗೋಳ, ಗಣಿತ, ಇಂಗ್ಲಿಷ್ ಮೂರೂ ಒಂದೇ ಕೋಲಿನಲ್ಲಿ!

ಎಲೆಗಳೂ ಮಲಗುತ್ತವೆ

ಸಂಜೆ ಹುಣಸೆಮರದ ಕೆಳಗೆ ನಿಂತು ನೋಡಿ. ಹಗಲು ಬಿಚ್ಚಿಕೊಂಡಿದ್ದ ಸಣ್ಣ ಎಲೆಗಳು ಜೋಡಿಜೋಡಿಯಾಗಿ ಮಡಚಿಕೊಂಡಿರುತ್ತವೆ. ರಸ್ತೆ ಬದಿಯ ಮಳೆಮರವೂ ಹೀಗೆಯೇ. ಹಿತ್ತಲಿನ ಸಂಜೆಮಲ್ಲಿಗೆ ಅರಳುವುದು ಇಳಿಹೊತ್ತಿಗೆ. ಇಂಗ್ಲಿಷಿನಲ್ಲಿ ಅದರ ಹೆಸರೇ ‘ಫೋರ್ ಓ ಕ್ಲಾಕ್’. ಪಾರಿಜಾತ ರಾತ್ರಿ ಅರಳಿ ನಸುಕಿಗೆ ಉದುರುತ್ತದೆ.

ಹಗಲಿನಲ್ಲಿ ಚಟುವಟಿಕೆಯಿಂದಿರುವ ಕಾಗೆ, ಗುಬ್ಬಿ, ಅಳಿಲುಗಳಿಗೆ ‘ಡೈಅರ್ನಲ್’ ಎನ್ನುತ್ತಾರೆ. ರಾತ್ರಿ ಸಂಚರಿಸುವ ಗೂಬೆ, ಬಾವಲಿ ‘ನಾಕ್ಟರ್ನಲ್’. ಪದ ಕಠಿಣವೆನಿಸಿತೇ? ರಾತ್ರಿಗೆ ಸಂಸ್ಕೃತದಲ್ಲಿ ‘ನಕ್ತ’ ಎಂಬ ಮಾತಿದೆ. ಅದಕ್ಕೂ ಇದಕ್ಕೂ ಹಳೆಯ ನೆಂಟಸ್ತಿಕೆ. ನಸುಕು, ಮುಸ್ಸಂಜೆಗಳಲ್ಲಿ ಹೆಚ್ಚಾಗಿ ಮೇಯಲು ಹೊರಬರುವ ಮೊಲದಂಥ ಪ್ರಾಣಿಗಳಿಗೆ ‘ಕ್ರೆಪಸ್ಕ್ಯುಲರ್’ ಎಂಬ ಉದ್ದನೆಯ ಪದ. ಚಳಿಗಾಲದ ದೀರ್ಘ ನಿದ್ದೆ ‘ಹೈಬರ್ನೇಶನ್’. ಬೇಸಿಗೆಯಲ್ಲಿ ನೆಲದಡಿ ಅಡಗಿ ಮೊದಲ ಮಳೆಗೆ ವಟಗುಟ್ಟುತ್ತ ಏಳುವ ನಮ್ಮ ಕಪ್ಪೆಗಳದ್ದು ‘ಈಸ್ಟಿವೇಶನ್’.

ಎಲೆ ಮಡಚುವುದು ಬೆಳಕು ಹೋದದ್ದಕ್ಕೇ ಇರಬೇಕು ಎಂದು ನಿಮಗೆ ಅನಿಸಬಹುದು. 1729ರಲ್ಲಿ ಫ್ರಾನ್ಸಿನ ದ ಮೆರಾನ್ ಎಂಬ ವಿಜ್ಞಾನಿ ನಾಚಿಕೆಮುಳ್ಳಿನ ಜಾತಿಯ ಗಿಡವನ್ನು ಕತ್ತಲಲ್ಲಿ ಇಟ್ಟು ನೋಡಿದ. ಬೆಳಕೇ ಇಲ್ಲದಿದ್ದರೂ ಅದು ಹಗಲಿಗೆ ಎಲೆ ಬಿಚ್ಚಿತು, ರಾತ್ರಿಗೆ ಮುಚ್ಚಿತು! ಜೀವಿಯ ಒಳಗೇ ಒಂದು ಗಡಿಯಾರವಿದೆ ಎಂಬುದಕ್ಕೆ ಅದು ಮೊದಲ ಸುಳಿವು. ಸುಮಾರು ಒಂದು ದಿನಕ್ಕೊಮ್ಮೆ ಸುತ್ತು ಹಾಕುವ ಈ ಲಯಕ್ಕೆ ಫ್ರಾಂಜ್ ಹಾಲ್ಬರ್ಗ್ 1959ರಲ್ಲಿ ‘ಸರ್ಕೇಡಿಯನ್’ ಎಂದು ಹೆಸರಿಟ್ಟರು. ಲ್ಯಾಟಿನ್ನಿನಲ್ಲಿ ‘ಸರ್ಕಾ’ ಎಂದರೆ ಸುಮಾರು, ‘ಡಿಯೆಸ್’ ಎಂದರೆ ದಿನ. ಆ ಗಡಿಯಾರ ಹೇಗೆ ನಡೆಯುತ್ತದೆಂದು ಹಣ್ಣಿನ ನೊಣದಲ್ಲಿ ಕಂಡುಹಿಡಿದ ಹಾಲ್, ರಾಸ್‌ಬಾಶ್, ಯಂಗ್ ಎಂಬ ಮೂವರಿಗೆ 2017ರ ನೊಬೆಲ್ ಬಂತು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಇಂಥದೇ ನೊಣಗಳ ಮೇಲೆ ಅಧ್ಯಯನ ನಡೆದಿದೆ.

ಪಾಲಕರಿಗೆ ಒಂದು ಮಾತು

ಸರ್ಕೇಡಿಯನ್ ಎಂಬ ಪದವನ್ನು ಮಕ್ಕಳಿಗಿಂತ ಮೊದಲು ಪಾಲಕರು ಕಲಿಯಬೇಕು. ಎಸ್ಸೆಸ್ಸೆಲ್ಸಿ, ಪಿಯುಸಿ ಬಂತೆಂದರೆ ನಮ್ಮ ಮನೆಗಳಲ್ಲಿ ರಾತ್ರಿ ಹನ್ನೆರಡರವರೆಗೆ ಓದು, ನಸುಕಿನ ನಾಲ್ಕಕ್ಕೆ ಎಬ್ಬಿಸುವ ಸಡಗರ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ. ಆ ವಯಸ್ಸಿನಲ್ಲಿ ಒಳಗಿನ ಗಡಿಯಾರ ತುಸು ಹಿಂದೆ ಬೀಳುವುದರಿಂದ ನಿದ್ದೆ ತಡವಾಗಿ ಬರುತ್ತದೆ, ಎಚ್ಚರವೂ ತಡ. ಅದು ಸೋಮಾರಿತನವಲ್ಲ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದಕ್ಕೂ ನಿದ್ದೆ ಬೇಕು. ಕಲಿತ ಪದ ಉಳಿಯಲೆಂದು ನಿದ್ದೆ ಕೆಡಿಸಿದರೆ ಪದವೂ ಹೋಯಿತು, ನಿದ್ದೆಯೂ ಹೋಯಿತು. ನಸುಕಿನ ಓದು ಒಳ್ಳೆಯದೇ. ಬೇಗ ಮಲಗಿದವರಿಗೆ ಮಾತ್ರ. ಮಲಗುವ ಮೊದಲು ಮೊಬೈಲಿನ ಬೆಳಕು ಕಣ್ಣಿಗೆ ಬಿದ್ದರೆ ದೇಹ ಇನ್ನೂ ಹಗಲೆಂದೇ ತಿಳಿಯುತ್ತದೆ.

ಕಿಟೆಲರ ದಾರಿ

ಪರಭಾಷೆಯನ್ನು ಹೇಗೆ ಕಲಿಯಬೇಕೆಂಬುದಕ್ಕೆ ನಮ್ಮ ಊರಿನಲ್ಲೇ ನಿದರ್ಶನವಿದೆ. 1853ರಲ್ಲಿ ಜರ್ಮನಿಯ ತರುಣ ಫರ್ಡಿನಾಂಡ್ ಕಿಟೆಲ್ ಧಾರವಾಡಕ್ಕೆ ಬಂದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಅವರು ಬರೀ ಅರ್ಥ ಕೊಟ್ಟು ಸುಮ್ಮನಾಗಲಿಲ್ಲ. ಜನರ ಬಾಯಲ್ಲಿದ್ದ ಗಾದೆಗಳನ್ನೂ ಸೇರಿಸಿದರು. ಪದವನ್ನು ಅದು ಬದುಕುವ ಜಾಗದಲ್ಲಿ ಹಿಡಿಯುವುದೆಂದರೆ ಇದೇ.

ನಮ್ಮ ಮಕ್ಕಳೂ ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಲಿ. ದಿನಕ್ಕೆ ಒಂದೇ ಪದ ಸಾಕು. ಎಡಕ್ಕೆ ಮನೆಯ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ, ಕೆಳಗೆ ಅಂದು ತಾವೇ ಕಂಡದ್ದರ ಒಂದು ವಾಕ್ಯ. ಉಣಕಲ್ ಕೆರೆಯಲ್ಲಿ ಹೊತ್ತು ಮುಳುಗಿದ್ದೋ, ಕೆಲಗೇರಿ ಕೆರೆಯ ಹಕ್ಕಿಯೋ, ಹಿತ್ತಲಿನ ಹೂವೋ, ಯಾವುದಾದರೂ ಆದೀತು. ಕನ್ನಡ ಪದ ಗೊತ್ತಾಗದಿದ್ದರೆ ಅಜ್ಜಿಯನ್ನು ಕೇಳಲಿ. ವರ್ಷಕ್ಕೆ ಮುನ್ನೂರರವತ್ತೈದು ಪದ! ಪರೀಕ್ಷೆಯ ಮರುದಿನ ಮರೆಯದಂಥವು.

ಇಂದು ಸಂಜೆಯೇ ಆರಂಭಿಸಿ. ಲೈಟು ಹಾಕುವ ಮೊದಲು ಹತ್ತು ನಿಮಿಷ ಮಗುವಿನ ಜೊತೆ ಕಟ್ಟೆಯ ಮೇಲೆ ಕುಳಿತುಕೊಳ್ಳಿ. ಮೊದಲ ಪದ ತಾನಾಗಿಯೇ ಇಳಿದು ಬರುತ್ತದೆ.