ಬಿಸಿಲಿಗೂ ನಿದ್ರೆಗೂ ಏನು ಸಂಬಂಧ?

ಹಗಲೆಲ್ಲ ನೆರಳಿನಲ್ಲಿ ಕುಳಿತು ದುಡಿಯುವವರಿಗೆ ಇರುಳು ನಿದ್ರೆ ಬಾರದಿದ್ದರೆ, ಅದಕ್ಕೂ ಬಿಸಿಲಿಗೂ ನಂಟುಂಟೇ? ಇರಬಹುದೆಂದು ವೈದ್ಯವಿಜ್ಞಾನ ಹೇಳತೊಡಗಿದೆ.

ಮಕ್ಕಳ ಮೂಳೆಗಳನ್ನು ಬಾಗಿಸುವ ರಿಕೆಟ್ಸ್ ರೋಗವನ್ನು ತಡೆಯುವ ಸತ್ವವೊಂದು ಕಾಡ್ ಮೀನೆಣ್ಣೆಯಲ್ಲಿರುವುದನ್ನು 1922ರಲ್ಲಿ ಅಮೆರಿಕದ ಮೆಕಾಲಮ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಅದೇ ವಿಟಮಿನ್ ‘ಡಿ’. ಇದು ಊಟದಿಂದ ದೊರೆಯುವುದು ಸ್ವಲ್ಪವೇ. ಬಿಸಿಲಿನ ಅತಿನೇರಳೆ ಕಿರಣಗಳು ಚರ್ಮಕ್ಕೆ ತಾಗಿದಾಗ ದೇಹವೇ ಅದನ್ನು ತಯಾರಿಸಿಕೊಳ್ಳುತ್ತದೆ. ಮೂಳೆಗಳಿಗಷ್ಟೇ ಬೇಕೆಂದು ಭಾವಿಸಿದ್ದ ಈ ಸತ್ವಕ್ಕೆ ಓಗೊಡುವ ಜೀವಕೋಶಗಳು ಮೆದುಳಿನಲ್ಲಿಯೂ ಇವೆ. ನಿದ್ರೆ-ಎಚ್ಚರಗಳನ್ನು ಆಳುವ ಹೈಪೊಥಲಾಮಸ್ ಭಾಗದಲ್ಲಿಯೂ ಇವೆ. 2018ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಮರ್ಶೆಯೊಂದರಲ್ಲಿ, ವಿಟಮಿನ್ ‘ಡಿ’ ಕೊರತೆಯುಳ್ಳವರಲ್ಲಿ ನಿದ್ರಾದೋಷಗಳು ಹೆಚ್ಚೆಂದು ಕಂಡುಬಂತು.

ಆದರೆ ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಮತ್ತೊಂದಕ್ಕೆ ಕಾರಣವಾಗಲಾರದು. ಮುಪ್ಪಿನಿಂದಲೋ ಬೇನೆಯಿಂದಲೋ ಮನೆಯೊಳಗೇ ಉಳಿದವರಿಗೆ ಬಿಸಿಲೂ ಕಡಿಮೆ, ನಿದ್ರೆಯೂ ಕಡಿಮೆ. ಗುಳಿಗೆ ಕೊಟ್ಟು ನಡೆಸಿದ ಪರೀಕ್ಷೆಗಳ ಫಲವೂ ಒಂದೇ ತೆರನಾಗಿಲ್ಲ.

ಇನ್ನೊಂದು ಮಾತನ್ನು ಮರೆಯಬಾರದು. ಸೂರ್ಯನು ನಮ್ಮ ದೇಹವನ್ನು ಪ್ರವೇಶಿಸುವ ಬಾಗಿಲುಗಳು ಎರಡು. ಕಣ್ಣಿನ ಮೂಲಕ ಬರುವ ಬೆಳಗಿನ ಬೆಳಕು ಮೆದುಳಿನ ಗಡಿಯಾರವನ್ನು ಸರಿಪಡಿಸಿ, ರಾತ್ರಿ ಸಕಾಲಕ್ಕೆ ನಿದ್ರೆ ಬರಿಸುತ್ತದೆ. ಇದಕ್ಕೆ ಎಳೆಬಿಸಿಲೇ ಸಾಕು. ವಿಟಮಿನ್ ‘ಡಿ’ ಹುಟ್ಟುವುದು ಚರ್ಮದ ಬಾಗಿಲಲ್ಲಿ. ಅದಕ್ಕೆ ಬೇಕಾದ ಕಿರಣಗಳು ಎಳೆಬಿಸಿಲಿನಲ್ಲಿ ಅತ್ಯಲ್ಪ, ನಡುಹಗಲಿನಲ್ಲಿ ಹೇರಳ. ಮುಚ್ಚಿದ ಗಾಜಿನ ಕಿಟಕಿಯ ಬಳಿ ಎಷ್ಟು ಹೊತ್ತು ಕುಳಿತರೂ ಕಣ್ಣಿಗೆ ಬೆಳಕು ಸಿಕ್ಕೀತು, ಚರ್ಮಕ್ಕೆ ಆ ಕಿರಣಗಳು ದಕ್ಕವು. ಗಾಜು ಅವುಗಳನ್ನು ತಡೆದುಬಿಡುತ್ತದೆ.

ಹಾಗೆಂದು ಔಷಧದ ಅಂಗಡಿಗೆ ಧಾವಿಸುವುದು ಅಪಾಯಕರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 2020ರಲ್ಲಿ ವಯಸ್ಕರಿಗೆ ಸೂಚಿಸಿದ ಪ್ರಮಾಣ ದಿನಕ್ಕೆ 600 ಯೂನಿಟ್. ಅಂಗಡಿಗಳಲ್ಲಿ ದೊರೆಯುವ 60,000 ಯೂನಿಟ್ಟಿನ ಒಂದು ಗುಳಿಗೆಯೆಂದರೆ ನೂರು ದಿನಗಳ ಪಾಲು! ಕೊರತೆಯಿದ್ದವರಿಗೆ ವೈದ್ಯರು ಲೆಕ್ಕವಿಟ್ಟು ಕೊಡುವ ಮದ್ದು ಅದು. ಹೆಚ್ಚಾದ ವಿಟಮಿನ್ ‘ಡಿ’ ಸುಲಭವಾಗಿ ಹೊರಹೋಗದೆ ದೇಹದ ಕೊಬ್ಬಿನಲ್ಲಿ ಶೇಖರವಾಗುತ್ತದೆ. ತಿಂಗಳುಗಟ್ಟಲೆ ಮನಬಂದಂತೆ ನುಂಗಿದರೆ ರಕ್ತದಲ್ಲಿ ಸುಣ್ಣದ ಅಂಶವೇರಿ ವಾಕರಿಕೆ, ಮಲಬದ್ಧತೆ, ಅತಿ ಬಾಯಾರಿಕೆ ತೋರಬಹುದು. ಮೂತ್ರಪಿಂಡಗಳಿಗೂ ಹಾನಿ ತಟ್ಟಬಹುದು. ಪದೇ ಪದೇ ಮೂತ್ರಕ್ಕೆ ಏಳಬೇಕಾಗಿ ಬಂದು, ಇದ್ದ ನಿದ್ರೆಯೂ ಕೆಟ್ಟೀತು.

ಆದುದರಿಂದ ನಿದ್ರೆ ವಾರಗಟ್ಟಲೆ ಕೆಟ್ಟಿದ್ದರೆ ಮೊದಲು ವೈದ್ಯರನ್ನು ಕಾಣಿರಿ. ರಕ್ತಪರೀಕ್ಷೆ ಬೇಕೇ, ಗುಳಿಗೆ ಬೇಕೇ ಎಂಬುದನ್ನು ಅವರು ನಿರ್ಧರಿಸಲಿ. ಬೆಳಗಿನ ಕಾಫಿಯ ಲೋಟವನ್ನು ಹಿಡಿದು ಮಹಡಿಯ ಮೇಲೆ ನಾಲ್ಕು ಹೆಜ್ಜೆ ಹಾಕುವುದಕ್ಕೆ ಮಾತ್ರ ಯಾರ ಚೀಟಿಯೂ ಬೇಕಿಲ್ಲ.