‘ಕ್ವಾಂಟಮ್ ಪೆಂಡೆಂಟ್’ 5ಜಿಯಿಂದ ಕಾಪಾಡುತ್ತದೆಯೇ? ಭೌತಶಾಸ್ತ್ರ ಹೇಳುವುದೇನು?

“ಈ ಕ್ವಾಂಟಮ್ ಪೆಂಡೆಂಟ್ ಧರಿಸಿದರೆ 5ಜಿ ವಿಕಿರಣ ಹತ್ತಿರ ಸುಳಿಯುವುದಿಲ್ಲ” ಎಂಬಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮುನ್ನ ಶಾಲೆಯ ಭೌತಶಾಸ್ತ್ರವನ್ನು ಸ್ವಲ್ಪ ನೆನಪಿಸಿಕೊಳ್ಳೋಣ.

ವಸ್ತು, ಶಕ್ತಿ, ಅವುಗಳ ನಡುವಿನ ವ್ಯವಹಾರ: ಇದೇ ಭೌತಶಾಸ್ತ್ರ. ಬಸ್ ಬ್ರೇಕ್ ಹಾಕಿದಾಗ ನಾವೇಕೆ ಮುಂದಕ್ಕೆ ವಾಲುತ್ತೇವೆ ಎನ್ನುವುದು ಮೆಕ್ಯಾನಿಕ್ಸ್. ಕುಕ್ಕರ್‌ನಲ್ಲಿ ಬೇಳೆ ಬೇಗ ಬೇಯುವುದನ್ನು ವಿವರಿಸುವುದು ಉಷ್ಣಗತಿಶಾಸ್ತ್ರ. ಕನ್ನಡಕದ ಲೆಕ್ಕ ದೃಗ್ವಿಜ್ಞಾನದ್ದು.

5ಜಿ ಬರುವುದು ವಿದ್ಯುತ್ಕಾಂತತೆಯ ವಿಭಾಗಕ್ಕೆ. ಮೊಬೈಲ್ ಬಳಸುವುದು ರೇಡಿಯೋ ಅಲೆಗಳನ್ನು. ಬೆಳಕೂ ಅದೇ ಜಾತಿಯದ್ದು. ಇವುಗಳ ಶಕ್ತಿ ಸಣ್ಣ ಸಣ್ಣ ಕಂತುಗಳಲ್ಲಿ ಬರುತ್ತದೆ ಎನ್ನುತ್ತದೆ ಕ್ವಾಂಟಮ್ ಭೌತಶಾಸ್ತ್ರ. 1900ರಲ್ಲಿ ಮ್ಯಾಕ್ಸ್ ಪ್ಲಾಂಕ್ ಇದಕ್ಕೆ ನಾಂದಿ ಹಾಡಿದರು. (ಪೆಂಡೆಂಟಿಗೂ ಇದಕ್ಕೂ ಇರುವ ನಂಟು ಹೆಸರಿನದ್ದಷ್ಟೇ.) 5ಜಿಯ ಒಂದು ಕಂತಿನ ಶಕ್ತಿ, ನಿಮ್ಮ ಮನೆಯ ದೀಪದ ಬೆಳಕಿನ ಕಂತಿನ ಹತ್ತು ಸಾವಿರದಲ್ಲೊಂದು ಪಾಲೂ ಇಲ್ಲ. ಅಣುಗಳಿಂದ ಎಲೆಕ್ಟ್ರಾನ್ ಕಿತ್ತು ಡಿಎನ್‌ಎ ಕೆಡಿಸಲು ಅದು ಏನೇನೂ ಸಾಲದು.

ವಿಕಿರಣಶೀಲ ವಸ್ತುಗಳ ಕಿರಣಗಳಿಗೆ ಆ ಶಕ್ತಿ ಇದೆ. ಅದು ನ್ಯೂಕ್ಲಿಯರ್ ಭೌತಶಾಸ್ತ್ರದ ವಿಷಯ. ವಿಪರ್ಯಾಸ ಇರುವುದೇ ಇಲ್ಲಿ. 2021ರ ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ಪರಮಾಣು ಸುರಕ್ಷತಾ ಪ್ರಾಧಿಕಾರ ಇಂಥ 10 ಉತ್ಪನ್ನಗಳನ್ನು ಹೆಸರಿಸಿ, ಅವೇ ವಿಕಿರಣ ಸೂಸುತ್ತಿವೆ ಎಂದು ಎಚ್ಚರಿಸಿತು. ಪಟ್ಟಿಯಲ್ಲಿ ಪೆಂಡೆಂಟ್ ಇತ್ತು, ಮಕ್ಕಳ ಬ್ರೇಸ್‌ಲೆಟ್ ಕೂಡ ಇತ್ತು. ವಿಕಿರಣದ ಪ್ರಮಾಣ ಕಡಿಮೆ, ನಿಜ. ಆದರೆ ಹಗಲೂ ರಾತ್ರಿ ಮೈಗಂಟಿಸಿಕೊಂಡು ವರ್ಷಗಟ್ಟಲೆ ಧರಿಸಿದರೆ ಚರ್ಮಕ್ಕೆ ಹಾನಿಯಾಗಬಹುದು. ನಿಮ್ಮ ಬಳಿ ಅಂಥದ್ದಿದ್ದರೆ ಇವತ್ತೇ ತೆಗೆದು, ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ.